ಒಂಬತ್ತನೆಯ ಮಹಡಿಯಿಂದ ಹೊರಟ ಸರಪಳಿ

2003ರ ಫೆಬ್ರುವರಿ 21ರಂದು ಗುವಾಂಗ್‌ಝೌ ನಗರದ ಮೂತ್ರಪಿಂಡ ತಜ್ಞರೊಬ್ಬರು ಹಾಂಗ್‌ಕಾಂಗಿನ ಕೌಲೂನಿನಲ್ಲಿದ್ದ ಮೆಟ್ರೊಪೋಲ್ ಹೋಟೆಲಿಗೆ ಬಂದು 911ನೆಯ ಕೋಣೆಯಲ್ಲಿ ಇಳಿದುಕೊಂಡರು. ಬಂದದ್ದು ಬಂಧುಗಳ ಮದುವೆಗೆ. ಅದಕ್ಕೆ ಮೊದಲು ತಮ್ಮ ಆಸ್ಪತ್ರೆಯಲ್ಲಿ, ಇನ್ನೂ ಹೆಸರೇ ಇಲ್ಲದ ಒಂದು ನ್ಯುಮೋನಿಯಾದಿಂದ ನರಳುತ್ತಿದ್ದವರಿಗೆ ಅವರು ಚಿಕಿತ್ಸೆ ಕೊಟ್ಟಿದ್ದರು. ಊರಿಂದ ಹೊರಡುವ ಹೊತ್ತಿಗೇ ಅವರ ಮೈ ಸರಿಯಿರಲಿಲ್ಲ. ಮರುದಿನ ಹತ್ತಿರದ ಕ್ವಾಂಗ್ ವಾ ಆಸ್ಪತ್ರೆಗೆ ಹೋಗಿ, ತನಗೆ ಬಂದಿರುವುದು ಅಪಾಯದ ರೋಗ ಎಂದು ಅಲ್ಲಿನವರಿಗೆ ತಾವೇ ಎಚ್ಚರಿಕೆ ಹೇಳಿ ದಾಖಲಾದರು. ಮಾರ್ಚ್ 4ರಂದು ತೀರಿಕೊಂಡರು. ಹೋಟೆಲಿನಲ್ಲಿ ಅವರು ಕಳೆದದ್ದು ಒಂದೇ ರಾತ್ರಿ. ಆ ರಾತ್ರಿಯ ಆಸುಪಾಸಿನಲ್ಲಿ ಒಂಬತ್ತನೆಯ ಮಹಡಿಯಲ್ಲಿ ಓಡಾಡಿದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಒಬ್ಬ ವ್ಯಾಪಾರಿ ವಿಯೆಟ್ನಾಮಿನ ಹನೋಯಿಗೆ ಹೋದ. 78 ವರ್ಷದ ಮಹಿಳೆಯೊಬ್ಬರು ಕೆನಡಾದ ಟೊರಾಂಟೊಗೆ ಮರಳಿದರು. ರಜೆಗೆ ಬಂದಿದ್ದ ಯುವತಿಯರು ಸಿಂಗಪುರಕ್ಕೆ ಹಿಂದಿರುಗಿದರು. ಹೋಟೆಲಿನಲ್ಲಿದ್ದ ಪರಿಚಿತರನ್ನು ನೋಡಲು ಬಂದಿದ್ದ ಸ್ಥಳೀಯ ಯುವಕನೊಬ್ಬ ಹಾಂಗ್‌ಕಾಂಗಿನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆ ಸೇರಿದ. ಅವನಿಗೆ ಉಸಿರಾಟ ಸಲೀಸಾಗಲೆಂದು ಹಚ್ಚಿದ ನೆಬ್ಯುಲೈಸರ್ ಇಡೀ ವಾರ್ಡಿಗೆ ರೋಗ ಹರಡಿತೆಂಬುದು ಆಮೇಲಿನ ತನಿಖೆಯ ಅನುಮಾನ.

ಈ ಕಥೆಯನ್ನು ಹೀಗೆ ಒಂದೇ ಉಸಿರಿನಲ್ಲಿ ಹೇಳಲು ಇಂದು ಸಾಧ್ಯವಾಗಿರುವುದು ಯಾರೋ ಅದನ್ನು ಹಿಂದುಮುಂದಾಗಿ ಬಿಡಿಸಿದ್ದರಿಂದ. ಮಾರ್ಚ್ ಮೊದಲ ವಾರಗಳಲ್ಲಿ ಹನೋಯಿ, ಟೊರಾಂಟೊ, ಸಿಂಗಪುರಗಳ ವೈದ್ಯರ ಕಣ್ಣಿಗೆ ಬಿದ್ದದ್ದು ಒಂದಕ್ಕೊಂದು ಸಂಬಂಧವಿಲ್ಲದ ರೋಗಿಗಳು. ಹನೋಯಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಟಲಿಯ ವೈದ್ಯ ಕಾರ್ಲೊ ಉರ್ಬಾನಿ ಇದು ಹೊಸ ರೋಗವೆಂದು ಮೊದಲು ಗುರುತಿಸಿ ಮೇಲಿನವರಿಗೆ ತಿಳಿಸಿದರು. ಅದೇ ರೋಗ ತಗಲಿ ಮಾರ್ಚ್ 29ರಂದು ಬ್ಯಾಂಕಾಕಿನಲ್ಲಿ ಸತ್ತರು. ಮಾರ್ಚ್ 12ರಂದು ಸಂಸ್ಥೆ ಜಗತ್ತಿಗೆ ಎಚ್ಚರಿಕೆ ಕೊಟ್ಟಿತು, 15ರಂದು ರೋಗಕ್ಕೆ ಸಾರ್ಸ್ ಎಂಬ ಹೆಸರು ಬಿತ್ತು. ಹಾಂಗ್‌ಕಾಂಗಿನ ಆರೋಗ್ಯ ಇಲಾಖೆ ಬೇರೆ ಬೇರೆ ದೇಶಗಳಿಂದ ಬಂದ ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಈ ರೋಗಿಗಳೆಲ್ಲ ಒಂದೇ ವಾರದಲ್ಲಿ ಒಂದೇ ಹೋಟೆಲಿನ ಒಂದೇ ಮಹಡಿಯ ನಂಟಿನವರು ಎಂಬುದು ಹೊರಬಿತ್ತು. ಯಾರಿಂದ ಯಾರಿಗೆ ಹೋಯಿತು ಎಂದು ಮುಂದಕ್ಕೆ ಹುಡುಕುವುದು ಎಲ್ಲರಿಗೂ ತಿಳಿದ ದಾರಿ. ಇವರೆಲ್ಲ ಎಲ್ಲಿಂದ ತಂದರು ಎಂದು ಹಿಂದಕ್ಕೆ ಕೇಳಿದ್ದರಿಂದ ಈ ಗಂಟು ಬಿಚ್ಚಿತು. ಈ ಎರಡನೆಯ ಪ್ರಶ್ನೆಯನ್ನು ಜಗತ್ತು ಆಮೇಲೆ ಹೆಚ್ಚು ಕಡಿಮೆ ಮರೆತೇಬಿಟ್ಟಿತು.

ರೋಗದ ಹಿಂದಿದ್ದ ಜೀವಿ ಯಾವುದೆಂಬುದು ಮಾರ್ಚ್ ಕೊನೆಗೆ ತಿಳಿಯಿತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಮಲಿಕ್ ಪೀರಿಸ್ ತಂಡ ಮತ್ತು ಅದರ ಬೆನ್ನಲ್ಲೇ ಅಮೆರಿಕದ ಪ್ರಯೋಗಾಲಯಗಳು ಅದು ಕೊರೊನಾವೈರಸ್ ಎಂದವು. ವೈದ್ಯಲೋಕಕ್ಕೆ ಇದು ಅಚ್ಚರಿಯ ಸುದ್ದಿ. 1930ರ ದಶಕದಿಂದ ಕೋಳಿಗಳಲ್ಲಿ, ಆಮೇಲೆ ಇಲಿಗಳಲ್ಲಿ ಈ ಬಳಗದ ರೋಗಗಳು ಗೊತ್ತಿದ್ದವು. ಮನುಷ್ಯರಲ್ಲಿ 1960ರ ದಶಕದಲ್ಲಿ ಸಿಕ್ಕವು ಬರೀ ನೆಗಡಿ ತರುವಂಥವು. ಬ್ರಿಟನ್ನಿನ ನೆಗಡಿ ಸಂಶೋಧನಾ ಘಟಕದಿಂದ ಡೇವಿಡ್ ಟಿರೆಲ್ ಕಳಿಸಿಕೊಟ್ಟ ಮಾದರಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಹದಿನಾರಕ್ಕೇ ಶಾಲೆ ಬಿಟ್ಟಿದ್ದ ಸ್ಕಾಟ್ಲೆಂಡಿನ ಜೂನ್ ಅಲ್ಮೇಡಾ. ಸುತ್ತಲೂ ಮುಳ್ಳಿನಂತೆ ಚಾಚಿಕೊಂಡ ಪ್ರೋಟೀನುಗಳು ಸೂರ್ಯನ ಪ್ರಭಾವಲಯದಂತೆ ಕಂಡದ್ದರಿಂದ 1968ರಲ್ಲಿ ಆ ಹೆಸರು ನಿಂತಿತು. ಸುಮಾರು ಮೂವತ್ತು ಸಾವಿರ ಅಕ್ಷರಗಳ ಆರ್‌ಎನ್‌ಎ ಹೊತ್ತ ಈ ವೈರಸ್ಸುಗಳು ಆರ್‌ಎನ್‌ಎ ವೈರಸ್ಸುಗಳ ಪೈಕಿ ದೊಡ್ಡ ಪುಸ್ತಕವುಳ್ಳವು. 2003ರವರೆಗೆ ಇವುಗಳ ಅಧ್ಯಯನಕ್ಕೆ ಹಣ ಕೊಡುವವರೂ ವಿರಳ. ನೆಗಡಿಗೆ ಯಾರು ಹಣ ಕೊಡುತ್ತಾರೆ?

ಈಗ ವಾದದ ತಿರುಳಿಗೆ ಬರೋಣ. ಸಂಪರ್ಕಿತರ ಪತ್ತೆ ಎಂಬ ಕೆಲಸ ಮೇಲ್ನೋಟಕ್ಕೆ ಆಡಳಿತದ ಕೆಲಸ: ರೋಗಿಯನ್ನು ಕೂಡಿಸಿಕೊಂಡು ಯಾರ್‍ಯಾರನ್ನು ಭೇಟಿಯಾದೆ ಎಂದು ಕೇಳುವುದು, ಅವರನ್ನು ಹುಡುಕುವುದು, ಮನೆಯಲ್ಲಿರಿಸುವುದು, ದಿನವೂ ಜ್ವರ ನೋಡುವುದು. ಹಾಗಾಗಿ ಗೆದ್ದಾಗ ಶ್ರೇಯ ಆಡಳಿತದ ಶಿಸ್ತಿಗೆ, ಸೋತಾಗ ದೂರು ಆಡಳಿತದ ಸಡಿಲಿಕೆಗೆ ಸಲ್ಲುತ್ತದೆ. ಆದರೆ ಒಬ್ಬನಿಗೆ ಸೋಂಕು ತಗಲಿ ಅವನು ಇನ್ನೊಬ್ಬನಿಗೆ ಹರಡಲು ಎಷ್ಟು ದಿನ ಬೇಕು, ಆ ಹರಡುವ ಶಕ್ತಿ ಜ್ವರ ಬರುವ ಮೊದಲೋ ಆಮೇಲೋ ಎಂಬುದನ್ನು ನಿರ್ಧರಿಸುವುದು ವೈರಸ್ಸು. ಪತ್ತೆಗಾರನಿಗೆ ಸಿಗುವ ಸಮಯವೆಲ್ಲ ಅದರ ಕೃಪೆ. 2003ರ ಗೆಲುವಿನಲ್ಲಿ ದೊಡ್ಡ ಪಾಲು ಆ ವೈರಸ್ಸಿನ ನಿಧಾನಕ್ಕೆ ಸಲ್ಲಬೇಕು. ಜಗತ್ತು ಅದನ್ನು ಪೂರ್ತಿ ತನ್ನ ಜಾಣ್ಮೆಯೆಂದು ಎಣಿಸಿದ್ದರ ಬೆಲೆ 2020ರಲ್ಲಿ ಗೊತ್ತಾಯಿತು.

ಸಿಂಗಪುರವನ್ನೇ ನೋಡಿ. ಅಲ್ಲಿ ಟಾನ್ ಟಾಕ್ ಸೆಂಗ್ ಆಸ್ಪತ್ರೆಯನ್ನು ಮಾರ್ಚ್ 22ರಂದು ಸಾರ್ಸ್ ರೋಗಿಗಳಿಗಷ್ಟೇ ಮೀಸಲಿಟ್ಟರು. ಎರಡು ದಿನದಲ್ಲಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಮನೆ ಕ್ವಾರಂಟೈನ್ ಆದೇಶಗಳು ಹೊರಟವು. ಸಂಪರ್ಕಿತರನ್ನು ಹುಡುಕಲು ಸೇನೆಯವರನ್ನು ಕೂರಿಸಿದರು, ಆದೇಶ ತಲುಪಿಸಲು ಖಾಸಗಿ ಭದ್ರತಾ ಸಿಬ್ಬಂದಿ ಬಂದರು, ಮನೆಯೊಳಗೆ ಕ್ಯಾಮೆರಾ ಇಟ್ಟು ಫೋನ್ ಮಾಡಿ ಅದರ ಮುಂದೆ ನಿಲ್ಲಿ ಎನ್ನುವ ವ್ಯವಸ್ಥೆಯೂ ಆಯಿತು. ಒಟ್ಟು 238 ಮಂದಿಗೆ ರೋಗ ಬಂತು, 33 ಮಂದಿ ಸತ್ತರು, ಮೇ ಮುಗಿಯುವಷ್ಟರಲ್ಲಿ ಸರಪಳಿ ಕಡಿದಿತ್ತು. ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಕಂಡಿತು: ಮೊದಲ 201 ರೋಗಿಗಳಲ್ಲಿ 103 ಮಂದಿಗೆ ಸೋಂಕು ಬಂದದ್ದು ಕೇವಲ ಐವರಿಂದ; ನೂರಕ್ಕೆ ಎಂಬತ್ತು ಮಂದಿ ಯಾರಿಗೂ ಹರಡಿದ್ದಕ್ಕೆ ಸಾಕ್ಷ್ಯವೇ ಇಲ್ಲ. ಅಂದರೆ ಈ ರೋಗ ಸಮನಾಗಿ ಹರಿಯುವ ನೀರಲ್ಲ. ಬಹುಪಾಲು ಕವಲುಗಳು ತಾವಾಗಿ ಒಣಗುತ್ತವೆ, ಒಂದೆರಡು ಮಾತ್ರ ಊರನ್ನೇ ಮುಳುಗಿಸುತ್ತವೆ. ಮುಳುಗಿಸುವ ಕವಲು ಯಾವುದೆಂದು ಮೊದಲೇ ಗೊತ್ತಾಗದಿರುವುದೇ ಕಷ್ಟ.

ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯ ಈ ಮಾತಿಗೆ ಭೀಕರ ಉದಾಹರಣೆ. ಮಾರ್ಚ್ ಮಧ್ಯದಲ್ಲಿ ಮೂತ್ರಪಿಂಡದ ಕಾಯಿಲೆಯಿದ್ದ ಒಬ್ಬಾತ ಅಲ್ಲಿನ ಇ ಬ್ಲಾಕಿನ ಬಂಧುವಿನ ಮನೆಗೆ ಬಂದು ಶೌಚಾಲಯ ಬಳಸಿದ. ಅವನಿಗೆ ಸಾರ್ಸ್ ಇತ್ತು, ಭೇದಿಯೂ ಇತ್ತು. ಬಚ್ಚಲಿನ ನೆಲದ ಕೊಳವೆಗಳ ತಿರುವಿನಲ್ಲಿ ನಿಂತು ವಾಸನೆ ತಡೆಯಬೇಕಿದ್ದ ನೀರು ಬಹಳ ಮನೆಗಳಲ್ಲಿ ಒಣಗಿಹೋಗಿತ್ತು. ಗಾಳಿ ಹೊರದೂಡುವ ಫ್ಯಾನುಗಳು ಕೊಳವೆಯೊಳಗಿನ ತುಂತುರನ್ನು ಮನೆಯೊಳಕ್ಕೆ ಎಳೆದವು ಎಂಬುದು ಅಧಿಕೃತ ತನಿಖೆಯ ವಿವರಣೆ. ಕಟ್ಟಡಗಳ ನಡುವಿನ ಗಾಳಿಯ ಹರಿವೇ ಮುಖ್ಯವೆಂದು ಆಮೇಲೆ ವಾದಿಸಿದವರೂ ಉಂಟು. ಒಟ್ಟು ಮುನ್ನೂರಕ್ಕೂ ಹೆಚ್ಚು ಮಂದಿ ರೋಗಕ್ಕೆ ಬಿದ್ದರು. ಅವರಲ್ಲಿ ಎಷ್ಟೋ ಮಂದಿ ಆ ಮನುಷ್ಯನ ಮುಖವನ್ನೂ ಕಂಡವರಲ್ಲ. ನೀನು ಯಾರನ್ನು ಭೇಟಿಯಾದೆ ಎಂಬ ಪ್ರಶ್ನೆಗೆ ಇಂಥ ಕಡೆ ಉತ್ತರ ಸಿಗುವುದೇ ಇಲ್ಲ. ಸಿಕ್ಕಿದ್ದು ವಿಳಾಸಗಳಿಂದ: ದೊಡ್ಡ ಅಪರಾಧಗಳ ತನಿಖೆಗೆಂದು ಪೊಲೀಸರು ಇಟ್ಟುಕೊಂಡಿದ್ದ ಕಂಪ್ಯೂಟರ್ ವ್ಯವಸ್ಥೆಗೆ ರೋಗಿಗಳ ವಿವರ ತುಂಬಿ, ವಿಳಾಸಗಳು ಎಲ್ಲಿ ಗುಂಪುಗೂಡುತ್ತವೆ ಎಂದು ನೋಡತೊಡಗಿದರು. ಮಾರ್ಚ್ 31ರಂದು ಇ ಬ್ಲಾಕನ್ನು ಮುಚ್ಚಿ, ಮರುದಿನದಿಂದ ನಿವಾಸಿಗಳನ್ನು ರಜಾಶಿಬಿರಗಳಿಗೆ ಸಾಗಿಸಿದರು. ಅಷ್ಟರಲ್ಲಿ ಹಲವರು ಹೆದರಿ ಮನೆ ಬಿಟ್ಟು ಹೋಗಿದ್ದರು.

ಟೊರಾಂಟೊದ ಅನುಭವ ಬೇರೆ ತೆರನಾದದ್ದು. ಹೋಟೆಲಿನಿಂದ ಮರಳಿದ ಮಹಿಳೆ ಮಾರ್ಚ್ 5ರಂದು ಮನೆಯಲ್ಲೇ ಸತ್ತರು. ಕಾರಣ ಹೃದಯಾಘಾತ ಎಂದು ಬರೆದುಕೊಂಡರು. ಎರಡು ದಿನದ ಬಳಿಕ ಅವರ ಮಗ ಸ್ಕಾರ್ಬರೊ ಗ್ರೇಸ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ತಾಸುಗಟ್ಟಲೆ ಇತರ ರೋಗಿಗಳ ನಡುವೆ ಹಾಸಿಗೆಗೆ ಕಾದರು. ಅಲ್ಲಿಂದ ಹರಡಿದ್ದನ್ನು ಹಿಡಿಯಲು ನಗರದ ಆರೋಗ್ಯ ಇಲಾಖೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಂಪರ್ಕಿತರ ಬೆನ್ನು ಹತ್ತಿತು. ಅವರ ಕೈಯಲ್ಲಿದ್ದದ್ದು 1980ರ ದಶಕದ ಕಂಪ್ಯೂಟರ್ ವ್ಯವಸ್ಥೆ, ಕಾಗದದ ಕಡತ, ಗೋಡೆಗೆ ಅಂಟಿಸಿದ ಬಣ್ಣಬಣ್ಣದ ಚೀಟಿಗಳು; ಆಮೇಲಿನ ವಿಚಾರಣಾ ಆಯೋಗ ಇದನ್ನು ಖಾರವಾಗಿಯೇ ದಾಖಲಿಸಿತು. ಮೇ 14ರಂದು ನಗರವನ್ನು ಸೋಂಕಿನ ಪಟ್ಟಿಯಿಂದ ತೆಗೆದರು. ಹತ್ತೇ ದಿನದೊಳಗೆ ಇನ್ನೊಂದು ಆಸ್ಪತ್ರೆಯಲ್ಲಿ, ಯಾರೂ ಗಮನಿಸದೆ ಹೊಗೆಯಾಡುತ್ತಿದ್ದ ಎರಡನೆಯ ಅಲೆ ಬಯಲಾಯಿತು. ಕೆನಡಾದಲ್ಲಿ 44 ಮಂದಿ ಸತ್ತರು. ಆದರೂ ಆ ಅಲೆಯೂ ಬೇಸಿಗೆಯಲ್ಲಿ ನಿಂತಿತು. ಚೀಟಿ ಅಂಟಿಸಿಕೊಂಡು ಪರದಾಡಿದವರೂ ಗೆದ್ದರು, ಕ್ಯಾಮೆರಾ ಇಟ್ಟ ಸಿಂಗಪುರವೂ ಗೆದ್ದಿತು. ಅಷ್ಟು ಬೇರೆಬೇರೆ ಆಡಳಿತಗಳಿಗೆ ಒಂದೇ ಫಲ ಸಿಕ್ಕಿದೆ ಎಂದಾಗ ಕಾರಣವನ್ನು ಆಡಳಿತದ ಆಚೆಗೂ ಹುಡುಕಬೇಕಾಗುತ್ತದೆ.

ಆ ಕಾರಣ ಅಮಾಯ್ ಗಾರ್ಡನ್ಸ್ ರೋಗಿಗಳಲ್ಲೇ ಸಿಕ್ಕಿತ್ತು. ಪೀರಿಸ್ ಮತ್ತು ಸಂಗಡಿಗರು ಅಲ್ಲಿನ 75 ರೋಗಿಗಳ ಮೂಗು-ಗಂಟಲಿನ ದ್ರವದಲ್ಲಿ ವೈರಸ್ಸನ್ನು ಮತ್ತೆ ಮತ್ತೆ ಅಳೆದಾಗ, ಅದು ತುತ್ತತುದಿ ಮುಟ್ಟುವುದು ಕಾಯಿಲೆ ಶುರುವಾಗಿ ಹತ್ತನೆಯ ದಿನದ ಹೊತ್ತಿಗೆ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ರೋಗಿ ಸಂತೆಯಲ್ಲಿರುವುದಿಲ್ಲ, ಆಸ್ಪತ್ರೆಯ ಹಾಸಿಗೆ ಹಿಡಿದಿರುತ್ತಾನೆ. ಸಾರ್ಸ್ ದಾದಿಯರನ್ನೂ ವೈದ್ಯರನ್ನೂ ಅಷ್ಟು ಬಲಿ ತೆಗೆದುಕೊಂಡು ಬಸ್ಸಿನಲ್ಲಿ ಪಕ್ಕ ಕೂತವರನ್ನು ಬಹುಮಟ್ಟಿಗೆ ಬಿಟ್ಟದ್ದು ಇದಕ್ಕೇ. ಬೀಜಿಂಗಿನಲ್ಲಿ ಸುಮಾರು ಮೂವತ್ತು ಸಾವಿರ ಮಂದಿಯನ್ನು ಕ್ವಾರಂಟೈನ್ ಮಾಡಿದ್ದರು. ಆಮೇಲೆ ಒಂದು ಭಾಗದ ದಾಖಲೆ ಜಾಲಾಡಿದಾಗ, ರೋಗಿಗೆ ಲಕ್ಷಣ ಕಾಣುವ ಮೊದಲಷ್ಟೇ ಅವನ ಹತ್ತಿರ ಸುಳಿದವರಲ್ಲಿ ಒಬ್ಬರಿಗೂ ರೋಗ ಬಂದಿರಲಿಲ್ಲ. ಜ್ವರ ಬಂದ ದಿನ ಹೊರಟ ಪತ್ತೆಗಾರನಿಗೆ ಕೈಯಲ್ಲಿ ಹಲವು ದಿನಗಳಿದ್ದವು. 2004ರಲ್ಲಿ ಕ್ರಿಸ್ಟೋಫ್ ಫ್ರೇಸರ್, ಸ್ಟೀವನ್ ರೈಲಿ, ರಾಯ್ ಆಂಡರ್ಸನ್, ನೀಲ್ ಫರ್ಗ್ಯುಸನ್ ಎಂಬ ನಾಲ್ವರು ಇದನ್ನು ಗಣಿತವಾಗಿ ಬರೆದಿಟ್ಟರು: ಒಂದು ಸಾಂಕ್ರಾಮಿಕವನ್ನು ಪ್ರತ್ಯೇಕಿಸುವಿಕೆ ಮತ್ತು ಸಂಪರ್ಕ ಪತ್ತೆಯಿಂದ ತಡೆಯಬಹುದೇ ಎಂಬುದು, ಅದು ಎಷ್ಟು ಹರಡಬಲ್ಲದು ಎಂಬುದರ ಜೊತೆಗೆ, ಲಕ್ಷಣ ಕಾಣುವ ಮೊದಲೇ ಎಷ್ಟು ಪಾಲು ಹರಡಿಬಿಡುತ್ತದೆ ಎಂಬುದನ್ನು ಅವಲಂಬಿಸಿದೆ. ಸಾರ್ಸ್ ಮತ್ತು ಸಿಡುಬು ಹಿಡಿತಕ್ಕೆ ಸಿಗುವಂಥವು, ಇನ್‌ಫ್ಲುಯೆಂಜಾ ಮತ್ತು ಎಚ್‌ಐವಿ ಸಿಗದಂಥವು ಎಂದು ಅವರು ವಿಂಗಡಿಸಿದರು. ಸಾರ್ಸ್‌ನ ಗೆಲುವು ಮುಂದಿನದಕ್ಕೆ ಖಾತರಿಯಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಇದಕ್ಕೆ ಎರಡು ಕಡೆಯಿಂದ ಆಕ್ಷೇಪಣೆ ಬಂದಿದೆ. ಬೇಸಿಗೆಯ ಬಿಸಿಲಿಗೆ ವೈರಸ್ಸು ತಾನಾಗಿ ಸತ್ತಿತು, ಪತ್ತೆಯಿಂದ ಏನೂ ಆಗಲಿಲ್ಲ ಎಂಬುದು ಒಂದು. ಸಮಭಾಜಕ ವೃತ್ತದ ಪಕ್ಕದಲ್ಲಿ ವರ್ಷವಿಡೀ ಒಂದೇ ಸೆಕೆಯಿರುವ ಸಿಂಗಪುರದಲ್ಲಿ ರೋಗ ಏರಿದ್ದೂ ಇಳಿದದ್ದೂ ಅದೇ ಸೆಕೆಯಲ್ಲಿ. ತೈವಾನಿನಲ್ಲಿ ಅದು ಉಲ್ಬಣಿಸಿದ್ದು ಮೇ ತಿಂಗಳಲ್ಲಿ. ಬಿಸಿಲಿನ ವಾದ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿ. ಒಂಟಾರಿಯೊದ ಮಾಜಿ ಮುಖ್ಯ ವೈದ್ಯಾಧಿಕಾರಿ ರಿಚರ್ಡ್ ಶಾಬಾಸ್ ಮೊದಲಾದವರು, ಆಸ್ಪತ್ರೆಯೊಳಗಿನ ಸೋಂಕು ತಡೆಯೇ ರೋಗವನ್ನು ನಿಲ್ಲಿಸಿತು, ಸಾವಿರಾರು ಆರೋಗ್ಯವಂತರನ್ನು ಮನೆಯಲ್ಲಿ ಕೂಡಿಹಾಕಿದ್ದು ವ್ಯರ್ಥ ಎಂದರು. ಬೀಜಿಂಗಿನ ಅಂಕಿಗಳು ಅರ್ಧದಷ್ಟು ಅವರ ಪರವಾಗಿಯೇ ಇವೆ: ಕ್ವಾರಂಟೈನ್ ಬಲೆ ಬೇಕಾದ್ದಕ್ಕಿಂತ ಬಹಳ ಅಗಲವಾಗಿತ್ತು. ಆದರೆ ಯಾವ ಜ್ವರದ ರೋಗಿಯನ್ನು ಪ್ರತ್ಯೇಕ ವಾರ್ಡಿಗೆ ಹಾಕಬೇಕು ಎಂದು ಆಸ್ಪತ್ರೆಗೆ ತಿಳಿಯುವುದಾದರೂ ಹೇಗೆ? ಪರೀಕ್ಷೆ ಸರಿಯಾಗಿ ಸಿಗದಿದ್ದ ಆ ದಿನಗಳಲ್ಲಿ ಈತ ಇಂಥವನ ಸಂಪರ್ಕಿತ ಎಂಬ ಮಾಹಿತಿಯೇ ರೋಗನಿರ್ಣಯದ ಮುಖ್ಯ ಆಧಾರವಾಗಿತ್ತು. 2004ರ ವಸಂತದಲ್ಲಿ ಬೀಜಿಂಗಿನ ಪ್ರಯೋಗಾಲಯವೊಂದರಿಂದ ವೈರಸ್ಸು ಹೊರಬಿದ್ದಾಗ ಒಂಬತ್ತು ಮಂದಿಗೆ ತಗಲಿ ಒಬ್ಬರು ಸತ್ತರು. ಸಂಪರ್ಕಿತರನ್ನು ಹುಡುಕಿ ನಿಗಾದಲ್ಲಿಟ್ಟ ಮೇಲೆ ಅದು ಮುಂದೆ ಹೋಗಲಿಲ್ಲ.

2003ರ ಜುಲೈ 5ರಂದು ಸಾರ್ಸ್ ಸರಪಳಿ ಎಲ್ಲೆಡೆ ಕಡಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಎಂಟು ಸಾವಿರಕ್ಕಿಂತ ಕೊಂಚ ಹೆಚ್ಚು ರೋಗಿಗಳು, 774 ಸಾವು. ಜಗತ್ತಿಗೆ ಇದರಿಂದ ಉಳಿದ ಪಾಠಗಳಲ್ಲಿ ಎದ್ದು ಕಂಡದ್ದು ವಿಮಾನ ನಿಲ್ದಾಣದಲ್ಲಿ ಹಣೆಗೆ ಹಿಡಿಯುವ ಜ್ವರಮಾಪಕ. ಜ್ವರ ಬಂದವನಷ್ಟೇ ಹರಡುತ್ತಾನೆ ಎಂಬ ನಂಬಿಕೆ ಆ ಯಂತ್ರದಲ್ಲೇ ಅಡಗಿದೆ. 2015ರಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬನಿಂದ ದಕ್ಷಿಣ ಕೊರಿಯಾದ ಆಸ್ಪತ್ರೆಗಳಲ್ಲಿ ಮೆರ್ಸ್ ಹಬ್ಬಿ 186 ಮಂದಿಗೆ ತಗಲಿ 38 ಮಂದಿ ಸತ್ತಾಗಲೂ ಪಾಠ ಅದೇ ದಿಕ್ಕಿನದು. ಅದೂ ಕೊರೊನಾವೈರಸ್ಸೇ, ಅದೂ ಆಸ್ಪತ್ರೆಯೊಳಗೆ ಹರಡುವ ನಿಧಾನಗತಿಯದು. ಆಸ್ಪತ್ರೆಗಳ ಹೆಸರು ಮುಚ್ಚಿಟ್ಟದ್ದಕ್ಕೆ ಜನ ಸಿಟ್ಟಿಗೆದ್ದರು. ಕೊರಿಯಾ ಕಾನೂನು ತಿದ್ದಿ, ರೋಗಿಯ ಫೋನ್ ಇದ್ದ ಜಾಗ, ಕಾರ್ಡ್ ಉಜ್ಜಿದ ಅಂಗಡಿ, ಸಿಸಿಟಿವಿ ಎಲ್ಲವನ್ನೂ ನೋಡುವ ಅಧಿಕಾರವನ್ನು ಆರೋಗ್ಯಾಧಿಕಾರಿಗಳಿಗೆ ಕೊಟ್ಟಿತು.

ಕೋವಿಡ್ ತಂದ ವೈರಸ್ಸು ಸಾರ್ಸ್‌ನ ಹತ್ತಿರದ ಸಂಬಂಧಿ. ಜೀವಕೋಶದೊಳಗೆ ಹೊಗಲು ಎರಡಕ್ಕೂ ಒಂದೇ ಬಾಗಿಲು. ಇದರ ಮೂಲ ಎಲ್ಲಿ ಎಂಬ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಅದು ಮುಖ್ಯವೂ ಅಲ್ಲ. ಮುಖ್ಯವಾದದ್ದು ಇದರ ದಿನಚರಿ. ಇದು ಗಂಟಲಿನಲ್ಲಿ ಬೇಗ ಬೆಳೆಯುತ್ತದೆ, ಲಕ್ಷಣ ಕಾಣುವ ಒಂದೆರಡು ದಿನ ಮುಂಚೆಯೇ ಹರಡುತ್ತದೆ, ಎಷ್ಟೋ ಮಂದಿಗೆ ಲಕ್ಷಣವೇ ಕಾಣುವುದಿಲ್ಲ. 2020ರ ಏಪ್ರಿಲಿನಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಸುಮಾರು ನೂರಕ್ಕೆ 44ರಷ್ಟು ಹರಡುವಿಕೆ ಲಕ್ಷಣಕ್ಕೆ ಮೊದಲೇ ಮುಗಿದಿರುತ್ತದೆ. ಅದೇ ಕ್ರಿಸ್ಟೋಫ್ ಫ್ರೇಸರ್ ಆ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಕೂತು, ಫೋನ್ ಮಾಡಿ ವಿಚಾರಿಸುವ ಪತ್ತೆಗಾರರು ಇದನ್ನು ಹಿಂದೆ ಹಾಕಲಾರರು, ಮೊಬೈಲ್ ಆ್ಯಪ್ ತಕ್ಷಣ ಎಚ್ಚರಿಸಿದರೆ ಮಾತ್ರ ದಾರಿಯಿದೆ ಎಂದು ಲೆಕ್ಕ ಕೊಟ್ಟರು. ಅತ್ತ ಜಪಾನಿನಲ್ಲಿ, ಸಾರ್ಸ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿಯಲ್ಲಿದ್ದ ಹಿತೋಶಿ ಒಶಿತಾನಿ ಮೆಟ್ರೊಪೋಲ್ ಹೋಟೆಲಿನ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಪ್ರತಿ ರೋಗಿಯ ಮುಂದಿನ ಸಂಪರ್ಕಿತರ ಹಿಂದೆ ಓಡುವುದಕ್ಕಿಂತ, ಹಲವು ರೋಗಿಗಳಿಗೆ ಸಮಾನವಾದ ಮೂಲ ಎಲ್ಲಿದೆ ಎಂದು ಹಿಂದಕ್ಕೆ ಹುಡುಕಿ, ಆ ಗುಂಪನ್ನು ಹಿಡಿಯುವುದು ಅವರ ತಂತ್ರ. ನೂರಕ್ಕೆ ಎಂಬತ್ತು ಮಂದಿ ಯಾರಿಗೂ ಹರಡುವುದಿಲ್ಲ ಎಂದಾದರೆ ಅವರ ಹಿಂದೆ ಓಡಿ ದಣಿಯುವುದೇಕೆ? ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಸುಮಾರು 85 ಸಾವಿರ ರೋಗಿಗಳ ಮತ್ತು ಐದೂಮುಕ್ಕಾಲು ಲಕ್ಷ ಸಂಪರ್ಕಿತರ ದಾಖಲೆಗಳನ್ನು ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು ಆ ವರ್ಷವೇ ಪರಿಶೀಲಿಸಿದಾಗಲೂ ಕಂಡದ್ದು ಇದೇ: ನೂರಕ್ಕೆ ಎಪ್ಪತ್ತು ರೋಗಿಗಳ ಸಂಪರ್ಕಿತರಲ್ಲಿ ಒಬ್ಬರಿಗೂ ಸೋಂಕು ಪತ್ತೆಯಾಗಲಿಲ್ಲ.

ಕರ್ನಾಟಕ ಮೊದಲ ತಿಂಗಳುಗಳಲ್ಲಿ ಸಂಪರ್ಕ ಪತ್ತೆಯನ್ನು ಬಹಳ ಹುರುಪಿನಿಂದ ಮಾಡಿತು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು 2020ರ ಮಾರ್ಚ್‌ನಲ್ಲಿ, ಕಲಬುರಗಿಯ 76 ವರ್ಷದ ಹಿರಿಯರದು. ಆಶಾ ಕಾರ್ಯಕರ್ತೆಯರು ಮನೆಮನೆ ಅಲೆದರು, ಕ್ವಾರಂಟೈನ್ ಆದವರ ಕೈಗೆ ಮುದ್ರೆ ಬಿತ್ತು, ರೋಗಿಗಳಿಗೆ ಕೊಟ್ಟ ಪಿ-ಸಂಖ್ಯೆಗಳೂ ಟ್ರಾವೆಲ್ ಹಿಸ್ಟರಿಯೂ ಪ್ರೈಮರಿ ಕಾಂಟ್ಯಾಕ್ಟೂ ಬೀದಿಯ ಮಾತಾದವು. ಕೇಂದ್ರ ಸರ್ಕಾರ ಈ ಕೆಲಸವನ್ನು ಹೊಗಳಿತು. ಆದರೆ ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿದಾಗ ಮುಂದಿನ ಸರಪಳಿಯೆಲ್ಲ ಸಿಕ್ಕಿತು, ಅದರ ಮೊದಲ ಕೊಂಡಿ ಸಿಗಲಿಲ್ಲ. ಪೊಲೀಸರು, ವಿಶೇಷ ಅಧಿಕಾರಿ, ಪತ್ರಿಕೆಗಳು ಎಲ್ಲರೂ ಹುಡುಕಿದರು. ಲಕ್ಷಣವಿಲ್ಲದೆ ಹರಡುವ ವೈರಸ್ಸಿನಲ್ಲಿ ಮೊದಲ ಕೊಂಡಿಗೆ ತಾನೇ ಮೊದಲನೆಯವನೆಂದು ಗೊತ್ತಿರಬೇಕಾಗಿಲ್ಲ. ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಸರ್ಕಾರ ಬಹಿರಂಗವಾಗಿ ಪ್ರಕಟಿಸಿದ್ದು ಮಾತ್ರ ನನ್ನ ಲೆಕ್ಕದಲ್ಲಿ ತಪ್ಪು ಹೆಜ್ಜೆ, ಮತ್ತು ಈ ಮಾತು ಖಾಸಗಿತನದ ತತ್ತ್ವದಿಂದಷ್ಟೇ ಹೊರಟದ್ದಲ್ಲ. ಆ ಮೇ ತಿಂಗಳಲ್ಲಿ ಸೋಲ್‌ನ ಇಟೆವಾನ್ ಬಡಾವಣೆಯ ನೈಟ್‌ಕ್ಲಬ್ಬುಗಳಲ್ಲಿ ಸೋಂಕು ಕಂಡಾಗ, ಅಲ್ಲಿಗೆ ಹೋದವರ ಲೈಂಗಿಕತೆಯ ಬಗ್ಗೆ ಪತ್ರಿಕೆಗಳು ಬರೆದದ್ದರಿಂದ ಜನ ಪರೀಕ್ಷೆಗೆ ಬರುವುದನ್ನೇ ತಪ್ಪಿಸಿದರು. ಹೆಸರು ಹೇಳದೆಯೇ ಪರೀಕ್ಷೆ ಮಾಡಿಸಿಕೊಳ್ಳಬಹುದು ಎಂದು ನಗರಾಡಳಿತ ಘೋಷಿಸಿದ ಮೇಲೆ ಜನ ಬಂದರು. ಬಾಯಿ ಬಿಡಲು ಹೆದರುವವನಿಂದ ಯಾವ ಪತ್ತೆಗಾರನಿಗೂ ಏನೂ ಸಿಗುವುದಿಲ್ಲ.

ಹಾಗಾದರೆ ವೈರಸ್ಸಿನ ವೇಗವೇ ಎಲ್ಲವನ್ನೂ ನಿರ್ಧರಿಸಿದ ಮೇಲೆ ಕೋವಿಡ್‌ನಲ್ಲಿ ಈ ಕೆಲಸ ಮಾಡಿದ್ದೇ ದಂಡವೇ? ಬ್ರಿಟನ್ನು ಪರೀಕ್ಷೆ ಮತ್ತು ಪತ್ತೆಗೆ ಎರಡು ವರ್ಷಕ್ಕೆಂದು 37 ಶತಕೋಟಿ ಪೌಂಡ್ ತೆಗೆದಿಟ್ಟಿತು. ಅದರಿಂದ ಸ್ಪಷ್ಟ ಪ್ರಯೋಜನ ಕಾಣುತ್ತಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಸಂಸತ್ತಿನ ಸಮಿತಿಯೇ ಹೇಳಿತು. ಆದರೆ ಅಲ್ಲೇ ಯಾರೂ ಬೇಕೆಂದು ಮಾಡದ ಒಂದು ಪ್ರಯೋಗ ನಡೆದುಹೋಗಿತ್ತು. 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹಳೆಯ ಎಕ್ಸೆಲ್ ಕಡತದ ಸಾಲುಗಳ ಮಿತಿ ಮೀರಿದ್ದರಿಂದ 15,841 ಸೋಂಕಿತರ ಹೆಸರುಗಳು ಪತ್ತೆಗಾರರಿಗೆ ಸಕಾಲಕ್ಕೆ ತಲುಪಲಿಲ್ಲ. ಸೋಂಕಿತರಿಗೆ ಅವರ ಫಲಿತಾಂಶ ತಿಳಿದಿತ್ತು. ಆಗದೆ ಉಳಿದದ್ದು ಸಂಪರ್ಕಿತರಿಗೆ ಹೋಗಬೇಕಿದ್ದ ಕರೆ ಮಾತ್ರ. ಹೆಸರುಗಳು ಹೆಚ್ಚು ಕಳೆದುಹೋದ ಊರುಗಳನ್ನೂ ಕಡಿಮೆ ಕಳೆದುಹೋದ ಊರುಗಳನ್ನೂ ಹೋಲಿಸಿದ ಇಬ್ಬರು ಅರ್ಥಶಾಸ್ತ್ರಜ್ಞರು, ಆ ಒಂದು ತಪ್ಪಿನಿಂದ ಸುಮಾರು 1,25,000 ಸೋಂಕುಗಳು ಹೆಚ್ಚಾದವು ಎಂದು ಅಂದಾಜಿಸಿದರು. ಸರಪಳಿಯನ್ನು ಕಡಿಯಲಾಗದ ಕಡೆಯಲ್ಲೂ ಪತ್ತೆ ಅದನ್ನು ಗಿಡ್ಡ ಮಾಡಿತ್ತು. ಕಾಯಿಲೆ ಇಲ್ಲವಾಗಿಸುವ ಆಯುಧವೆಂದು ಅಳೆದಾಗ ಸೋತದ್ದು, ಲಸಿಕೆ ಬರುವವರೆಗೆ ಹೊತ್ತು ಗಿಟ್ಟಿಸುವ ಸಾಧನವೆಂದು ಅಳೆದರೆ ತಕ್ಕಮಟ್ಟಿಗೆ ಗೆದ್ದಿದೆ. ಸಮಿತಿ ಹಿಡಿದದ್ದು ಮೊದಲನೆಯ ಅಳತೆಗೋಲು.

ಆ ಹೊತ್ತೂ ಒಂದು ದಿನ ಮುಗಿಯಿತು. ಒಮಿಕ್ರಾನ್ ತಳಿ ಬಂದಾಗ ಒಬ್ಬನಿಗೆ ತಗಲಿ ಲಕ್ಷಣ ಕಾಣಲು ಸರಾಸರಿ ಮೂರು ದಿನ ಸಾಕಾಗಿತ್ತು. ರೋಗಿಯ ಫಲಿತಾಂಶ ಬಂದು ಪತ್ತೆಗಾರ ಫೋನ್ ಎತ್ತುವಷ್ಟರಲ್ಲಿ ಸಂಪರ್ಕಿತನೂ ತನ್ನ ಪಾಲಿನದನ್ನು ಹಂಚಿ ಮುಗಿಸಿರುತ್ತಿದ್ದ. 2022ರ ಜನವರಿ 10ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಯಸ್ಸು ಅಥವಾ ಬೇರೆ ಕಾಯಿಲೆಗಳಿಂದ ಅಪಾಯದಲ್ಲಿರುವವರನ್ನು ಬಿಟ್ಟರೆ ಸೋಂಕಿತರ ಸಂಪರ್ಕಿತರಿಗೆ ಪರೀಕ್ಷೆ ಬೇಕಿಲ್ಲ ಎಂದು ಸೂಚನೆ ಹೊರಡಿಸಿತು. ಕೈಚೆಲ್ಲಿ ಕೂತರು ಎಂದು ಆಗ ಟೀಕೆ ಬಂತು. ವೈರಸ್ಸಿನ ವೇಗ ಕಂಡವರಿಗೆ ಅದು ತಡವಾಗಿ ಬಂದ ಲೆಕ್ಕಾಚಾರ. 2004ರಲ್ಲೇ ಆ ನಾಲ್ವರು ಸಂಶೋಧಕರು ಬರೆದಿಟ್ಟ ವಿಂಗಡಣೆಯಲ್ಲಿ ಈ ತಳಿ ಸಾರ್ಸ್‌ನ ಸಾಲನ್ನು ಬಿಟ್ಟು ಇನ್‌ಫ್ಲುಯೆಂಜಾದ ಸಾಲಿಗೆ ದಾಟಿಯಾಗಿತ್ತು.